ಪೆನ್ಷನ್ ಬಂದ ಮೇಲಿನ ಐದನೆಯ ವರ್ಷ: ಸದಲಗಾ ಭಾಗದ ಸೈನಿಕರ ಮನಸ್ಸು

ದೂಧಗಂಗಾ ದಂಡೆಯ ಸದಲಗಾ ಸೀಮೆಯಲ್ಲಿ ‘ಮಿಲಿಟ್ರಿ ಭರ್ತಿ’ ತಲೆಮಾರುಗಳ ರೂಢಿ. ನದಿಯಾಚೆ ಶಿರೋಳ ತಾಲ್ಲೂಕಿನ ಟಾಕಳಿ, ಮನೆಮನೆಯಿಂದ ಸೈನ್ಯಕ್ಕೆ ಹೋದವರಿಂದಾಗಿಯೇ ‘ಸೈನಿಕ ಟಾಕಳಿ’ ಎನಿಸಿತು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ. ಆ ದಳದ ಬಗ್ಗೆ ಬರೆದದ್ದರಲ್ಲಿ ಹೆಚ್ಚಿನದು ಶೌರ್ಯದ ಚರಿತ್ರೆ. ಊರಿಗೆ ಮರಳಿದವರ ನಿದ್ದೆ, ಸಿಟ್ಟು, ಮೌನ ಅದರಲ್ಲಿ ಕಾಣುವುದಿಲ್ಲ.

ಸೈನಿಕರ ಮಾನಸಿಕ ಆಘಾತದ ಅಧ್ಯಯನಗಳಲ್ಲಿ ಎರಡು ನನಗೆ ಮುಖ್ಯವೆನಿಸುತ್ತವೆ. ಅಫ್ಘಾನಿಸ್ತಾನಕ್ಕೆ ಹೋದ 746 ಡೆನ್ಮಾರ್ಕ್ ಸೈನಿಕರನ್ನು ಹೋಗುವ ಮೊದಲು, ಅಲ್ಲಿದ್ದಾಗ, ಮರಳಿದ ಮೇಲೆ ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬಹುಪಾಲು ಸೈನಿಕರು ಗಟ್ಟಿಯಾಗಿಯೇ ಉಳಿದಿದ್ದರು. ಯಾರು ಕುಸಿದಾರು ಎಂಬುದರ ಸುಳಿವು ಸಿಕ್ಕಿದ್ದು ಕಂಡ ಕಾಳಗಕ್ಕಿಂತ ಹೆಚ್ಚಾಗಿ ಬಾಲ್ಯದಲ್ಲಿ ಉಂಡ ನೋವುಗಳಲ್ಲಿ. ಇನ್ನೊಂದು, ಸುಮಾರು ಸಾವಿರ ಡಚ್ ಸೈನಿಕರನ್ನು ಐದು ವರ್ಷ ಹಿಂಬಾಲಿಸಿದ್ದು. ಆಘಾತದ ಲಕ್ಷಣಗಳು ಮರಳಿದ ಆರು ತಿಂಗಳಿಗೆ ಒಮ್ಮೆ ಏರಿದವು, ಐದನೆಯ ವರ್ಷದಲ್ಲಿ ಮತ್ತೆ ಏರಿದವು. ಈ ಎರಡನೆಯ ಏರಿಕೆಯೇ ನಮ್ಮ ಭಾಗಕ್ಕೆ ನೇರವಾಗಿ ತಾಗುವ ಸಂಗತಿ.

ಆದರೆ ಈ ಅಳತೆಗೋಲನ್ನು ಹಾಗೇ ಎತ್ತಿ ತಂದು ಇಲ್ಲಿ ಹಚ್ಚಲಾಗದು. ಅವರದು ಕೆಲವೇ ತಿಂಗಳ ನಿಯೋಜನೆ: ಹೋದರು, ಬಂದರು. ನಮ್ಮ ಸಿಪಾಯಿಯದು ‘ಫೀಲ್ಡ್’ (ಗಡಿ, ಕಾಳಗದ ನೆಲೆ) ಆದ ಮೇಲೆ ‘ಪೀಸ್’ (ಶಾಂತ ನೆಲೆ), ಪೀಸ್ ಆದ ಮೇಲೆ ಮತ್ತೆ ಫೀಲ್ಡ್. ಮರಾಠಾ ದಳದವರಿಂದ ಕೂಡಿದ ರಾಷ್ಟ್ರೀಯ ರೈಫಲ್ಸ್‌ನ 41 ಅಥವಾ 56ನೆಯ ಪಡೆಗೆ ಕಾಶ್ಮೀರಕ್ಕೆ ಹೋದರೆ ಎರಡು ಮೂರು ವರ್ಷ ಅಲ್ಲೇ. ಹೀಗಿರುವಾಗ ಮೂರನೆಯ ಫೀಲ್ಡಿನ ‘ಮೊದಲು’ ಎಂಬುದು ಎರಡನೆಯದರ ‘ನಂತರ’ವೇ ಆಗಿರುತ್ತದೆ. ನಿಜವಾದ ‘ಮೊದಲು’ ಎಂದರೆ ಭರ್ತಿಯ ದಿನದ ವೈದ್ಯಕೀಯ ದಾಖಲೆ ಮಾತ್ರ. ಆ ಕಾಗದದ ಬೆಲೆ ಸಣ್ಣದಲ್ಲ. ಭರ್ತಿಯಾಗುವಾಗ ಆರೋಗ್ಯವಾಗಿದ್ದವನಿಗೆ ಮುಂದೆ ರೋಗ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಮೊದಲಿಗೆ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮವೀರ ಸಿಂಗ್ ಪ್ರಕರಣದಲ್ಲಿ ಹೇಳಿತು. ಆ ಸಿಪಾಯಿಯ ಕಾಯಿಲೆ ಮೂರ್ಛೆರೋಗ. ಮನೋರೋಗದ ಪಿಂಚಣಿ ವಾದಗಳಲ್ಲೂ ಈ ತೀರ್ಪನ್ನೇ ಮುಂದಿಡುತ್ತಾರೆ.

ಮನಸ್ಸಿನ ತಾಳಿಕೆ ಒಬ್ಬನ ಎದೆಗಾರಿಕೆಯಷ್ಟೇ ಅಲ್ಲ, ಜೊತೆಗಾರರಿಂದಲೂ ಬರುತ್ತದೆ. ಸದಲಗಾದ ಹುಡುಗನಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಆದ್ದರಿಂದ ಮರಾಠಾ ದಳದ ಬ್ಯಾರಕ್ ಅವನಿಗೆ ಪರಕೀಯವಲ್ಲ. ಪೆನ್ಷನ್ ಬಂದ ದಿನ ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆದ ಕರಿ ಟ್ರಂಕ್ ಮನೆಗೆ ಬರುತ್ತದೆ, ಆ ಜೊತೆಗಾರರು ಬರುವುದಿಲ್ಲ. ಆಮೇಲೆ ಮನೆಯವರು ಡಾಕ್ಟರರ ಮುಂದೆ ಹೇಳುವುದು ಇಷ್ಟೇ: “ರಾತ್ರಿ ನಿದ್ದಿ ಹತ್ತೂದಿಲ್ರಿ, ಸಣ್ಣ ಮಾತಿಗೂ ಸಿಟ್ಟ ಬರತೈತಿ.” ಕುಡಿತದ ಮಾತು ಬಂದರೆ ದನಿ ತಗ್ಗುತ್ತದೆ. ಮಾಜಿ ಸೈನಿಕರು ಒತ್ತೊತ್ತಾಗಿರುವ ಟಾಕಳಿಯಂಥ ಊರಿನಲ್ಲಿ ಈ ಭಾರ ಹಗುರವಾಗುತ್ತದೆಯೇ? ಹೌದೆಂಬುದು ನನ್ನ ಊಹೆ. ನದಿಯ ಎರಡೂ ದಂಡೆಯಲ್ಲಿ ಒಂದೇ ಪ್ರಶ್ನಾವಳಿ ಇಟ್ಟು ಅದನ್ನು ಪರೀಕ್ಷಿಸಬೇಕು.

ಇದು ಈಗಲೇ ಆಗಬೇಕಾದದ್ದಕ್ಕೆ ಕಾರಣ ಅಗ್ನಿಪಥ. 2022ರ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು. ಉಳಿದವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಡಚ್ಚರ ಲೆಕ್ಕ ಇಲ್ಲಿಗೂ ಹೊಂದಿದರೆ ಐದನೆಯ ವರ್ಷದ ಏರಿಕೆ ಬರುವುದು ಸಮವಸ್ತ್ರ ಕಳಚಿದ ಮೇಲೆ, ಇಪ್ಪತ್ತರ ಹರೆಯದ ತರುಣ ಊರಲ್ಲಿ ಕೆಲಸ ಹುಡುಕುತ್ತಿರುವಾಗ. ಅವನನ್ನು ನೋಡುವವರು ಸೈನ್ಯದ ವೈದ್ಯರಲ್ಲ, ಇಲ್ಲಿನ ಸರ್ಕಾರಿ ದವಾಖಾನೆಯವರು.

ಅದಕ್ಕೆ ದಾರಿ ಇಲ್ಲದೆ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗ. ಮಾನಸಿಕ ಆರೋಗ್ಯದ ಸಹಾಯವಾಣಿ, 14416ರ ಟೆಲಿ ಮಾನಸ್ ಇದೆ. ಪುಣೆಯಲ್ಲಿ 2023ರ ಡಿಸೆಂಬರಿನಲ್ಲಿ ಸೈನಿಕರಿಗೆಂದೇ ಅದರ ವಿಭಾಗವೊಂದು ಆರಂಭವಾಯಿತು. ಬಿಪಿ, ಸಕ್ಕರೆ ನೋಡುವ ಸಿಸ್ಟರ್ ಅದೇ ಕಾರ್ಡಿನಲ್ಲಿ ಮೂರು ಸಾಲು ಹೆಚ್ಚು ಬರೆದುಕೊಳ್ಳಲಿ: ಸೈನ್ಯದಲ್ಲಿದ್ದರೇ, ಯಾವ ವರ್ಷ ಮರಳಿದರು, ನಿದ್ದೆ ಹೇಗಿದೆ. ಮೊದಲ ವರ್ಷ ಒಮ್ಮೆ, ಐದನೆಯ ವರ್ಷ ಇನ್ನೊಮ್ಮೆ. ನಿದ್ದೆಯ ಪ್ರಶ್ನೆಯನ್ನು ಹೆಂಡತಿಗೋ ತಾಯಿಗೋ ಬೇರೆಯಾಗಿಯೂ ಕೇಳಬೇಕು.