ಕೊಬ್ಬರಿ ಧಾರಣೆ: ಬರೆಯುವ ಬಗೆ

ತಿಪಟೂರು: ಉಂಡೆ ಕೊಬ್ಬರಿಗೆ ಹೆಸರಾದ ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಧಾರಣೆಯನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರೂ ವರ್ತಕರೂ ಗಮನಿಸುತ್ತಾರೆ. ಧಾರಣೆಯ ಟಿಪ್ಪಣಿ ನಾಲ್ಕೇ ಸಾಲಿನದಾದರೂ ಅದರಲ್ಲಿ ಹರಾಜಿನ ದಿನಾಂಕ, ಕೊಬ್ಬರಿಯ ಬಗೆ, ಆವಕ ಹಾಗೂ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ ದರಗಳು ಇರಬೇಕು.

ಗರಿಷ್ಠ ದರವು ಒಂದೇ ಲಾಟ್‌ಗೆ ದೊರೆತದ್ದಿರಬಹುದು; ಹೆಚ್ಚಿನ ಮಾಲು ಮಾರಾಟವಾಗುವುದು ಮಾದರಿ ದರದ ಆಸುಪಾಸಿನಲ್ಲಿ. ಶೀರ್ಷಿಕೆಯಲ್ಲಿ ಗರಿಷ್ಠವನ್ನಷ್ಟೇ ಕೊಟ್ಟರೆ, ಅದನ್ನು ನಂಬಿದ ರೈತ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಮಾಲನ್ನು ತಂದು ನಿರಾಶನಾಗುತ್ತಾನೆ.

ಬಗೆಯನ್ನು ಹೇಳದಿದ್ದರೂ ಗೊಂದಲವೇ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ಉಂಡೆ ಕೊಬ್ಬರಿಗೆ 12,100 ರೂ., ಎಣ್ಣೆ ತೆಗೆಯುವ ಕೊಬ್ಬರಿಗೆ 11,582 ರೂ. ‘ಗಗನಕ್ಕೇರಿದ ಬೆಲೆ’ ಎಂದು ಬರೆಯುವ ಬದಲು ಹಿಂದಿನ ಹರಾಜಿನ ಮಾದರಿ ದರದೊಡನೆ ಹೋಲಿಸಿ ಏರಿಳಿತವನ್ನು ತಿಳಿಸುವುದು ಸೂಕ್ತ.