ಆರಂಭಿಕ ಶ್ವಾಸಕೋಶ ಕ್ಯಾನ್ಸರಿನಲ್ಲಿ ಜೀನ್ ಮಾರ್ಪಾಡು ಮತ್ತು ಸಿ.ಟಿ. ಚಿತ್ರ: ಪಾಂಡವಪುರ ಸೀಮೆಯ ನೆಲೆಯಿಂದ ಒಂದು ಪರಿಶೀಲನೆ

ಶಸ್ತ್ರಕ್ರಿಯೆಗೆ ಒಗ್ಗುವ ಹಂತದ ಶ್ವಾಸಕೋಶ ಕ್ಯಾನ್ಸರಿಗೂ ಈಗ ಜೀನ್ ಪರೀಕ್ಷೆ ಅಗತ್ಯ. ಇಜಿಎಫ್‌ಆರ್ ಜೀನು ಮಾರ್ಪಟ್ಟಿದ್ದ 1ಬಿಯಿಂದ 3ಎ ಹಂತದ ರೋಗಿಗಳಿಗೆ, ಗೆಡ್ಡೆ ತೆಗೆದ ಮೇಲೆ ಒಸಿಮರ್ಟಿನಿಬ್ ಎಂಬ ಗುಳಿಗೆ ಕೊಟ್ಟು ನೋಡಿದ್ದು ಅಡೌರಾ ಪ್ರಯೋಗ. ಅದನ್ನು ಪಡೆದವರಲ್ಲಿ ಐದು ವರ್ಷದ ಬದುಕುಳಿಯುವಿಕೆ ಶೇ. 88, ಔಷಧಾಂಶವಿಲ್ಲದ ಗುಳಿಗೆ ಪಡೆದವರಲ್ಲಿ ಶೇ. 78. ಹಾಗಾದರೆ ಮಾರ್ಪಾಡನ್ನು ಸಿ.ಟಿ. ಚಿತ್ರದಿಂದಲೇ ಊಹಿಸಬಹುದೆ? ಚಿತ್ರದಲ್ಲಿ ಕಾಣುವುದು ಜೀನಲ್ಲ, ಗೆಡ್ಡೆ ಬೆಳೆಯುವ ಬಗೆ. ಆದ್ದರಿಂದ ಒಂದು ಜನಸಮುದಾಯದಲ್ಲಿ ಕಂಡ ನಂಟನ್ನು ಮತ್ತೊಂದಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದು ಈ ಲೇಖನದ ವಾದ.

ಚಿತ್ರದ ಹಿಂದಿನ ಅಂಗಾಂಶ

ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆಯಾದ ಅಡಿನೋಕಾರ್ಸಿನೋಮದ ಕೋಶಗಳು ಗಾಳಿಚೀಲಗಳ ಗೋಡೆಗುಂಟ ಹಬ್ಬುವಾಗ ಚೀಲದೊಳಗೆ ಗಾಳಿ ಉಳಿದಿರುತ್ತದೆ. ಆಗ ಸಿ.ಟಿ.ಯಲ್ಲಿ ರಕ್ತನಾಳಗಳನ್ನು ಮರೆಮಾಡದ ಮಸುಕು ಗಂಟು ಕಾಣುತ್ತದೆ. ಕೋಶಗಳು ಗೋಡೆ ದಾಟಿ ಒಳನುಗ್ಗಿದಂತೆ ಅದರೊಳಗೆ ಘನಭಾಗ ಮೂಡುತ್ತದೆ. 2011ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ, ಗೋಡೆಗುಂಟ ಹಬ್ಬುವುದೇ ಪ್ರಧಾನವಾಗಿದ್ದು 3 ಸೆಂ.ಮೀ. ಮೀರದ ಗೆಡ್ಡೆಯಲ್ಲಿ ಒಳನುಗ್ಗಿದ ಭಾಗ 5 ಮಿ.ಮೀ. ಒಳಗಿದ್ದರೆ ಅದು ಅತ್ಯಲ್ಪ ಆಕ್ರಮಣದ ಕ್ಯಾನ್ಸರ್.

ಇಜಿಎಫ್‌ಆರ್ ಮಾರ್ಪಾಡು, ಅದರಲ್ಲೂ ಎಲ್858ಆರ್ ಎಂಬ ಬಗೆ, ಗೋಡೆಗುಂಟ ಹಬ್ಬುವ ಬಗೆಯೊಂದಿಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮಸುಕು ಗಂಟಿಗೂ ಅದಕ್ಕೂ ನಂಟು ಬಂದದ್ದು ಹೀಗೆ. ಶ್ವಾಸಕೋಶ ಕ್ಯಾನ್ಸರಿನಲ್ಲಿ 2007ರಲ್ಲಿ ಪತ್ತೆಯಾದ ಎಎಲ್‌ಕೆ ಜೀನ್ ಬೆಸುಗೆಯ ಗೆಡ್ಡೆಗಳು ಬಹುಪಾಲು ಘನವಾಗಿರುತ್ತವೆ. ಗೆಡ್ಡೆ ಚಿಕ್ಕದಿರುವಾಗಲೇ ದುಗ್ಧಗ್ರಂಥಿಗೆ ಹರಡುವುದೂ ಉಂಟು. ಲೋಳೆ ಸ್ರವಿಸುವ ಆಕ್ರಮಣಕಾರಿ ಅಡಿನೋಕಾರ್ಸಿನೋಮದಲ್ಲಿ ಕೆಆರ್‌ಎಎಸ್ ಜೀನಿನ ಮಾರ್ಪಾಡು ಸಾಮಾನ್ಯ, ಚಿತ್ರದಲ್ಲಿ ಅದು ನ್ಯುಮೋನಿಯಾದಂತೆ ತೋರಬಹುದು. ಒಬ್ಬರದೇ ಶ್ವಾಸಕೋಶದ ಎರಡು ಮಸುಕು ಗಂಟುಗಳಲ್ಲಿ ಬೇರೆಬೇರೆ ಮಾರ್ಪಾಡು ಸಿಗುವುದೂ ಅಪರೂಪವಲ್ಲ. ನೋಟ ಒಂದೇ ಆದ ಮಾತ್ರಕ್ಕೆ ಜೀನೂ ಒಂದೇ ಆಗಬೇಕಿಲ್ಲ.

ಪೂರ್ವ ಸಂಭವನೀಯತೆ

ಏಷ್ಯಾದ ಏಳು ಪ್ರದೇಶಗಳ ಮುಂದುವರಿದ ಹಂತದ ಅಡಿನೋಕಾರ್ಸಿನೋಮ ರೋಗಿಗಳನ್ನು ಪರೀಕ್ಷಿಸಿದ ಪಯೋನೀರ್ ಅಧ್ಯಯನದಲ್ಲಿ (2014) ಇಜಿಎಫ್‌ಆರ್ ಮಾರ್ಪಾಡಿನ ಪ್ರಮಾಣ ಒಟ್ಟಾರೆ ಶೇ. 51.4 ಇತ್ತು; ಭಾರತೀಯರಲ್ಲಿ ಶೇ. 22.2. ಈ ಅಂತರದ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಮಾರ್ಪಾಡು ಇರುವವರಲ್ಲಿ ಶೇ. 60, ಇಲ್ಲದವರಲ್ಲಿ ಶೇ. 30ರಷ್ಟು ಮಂದಿಗೆ ಕಾಣುವ ಚಿತ್ರಲಕ್ಷಣವೊಂದಿದೆ ಎನ್ನೋಣ. ನೂರರಲ್ಲಿ ಐವತ್ತು ಮಂದಿಗೆ ಮಾರ್ಪಾಡಿರುವ ಕಡೆ ಆ ಲಕ್ಷಣ ಕಂಡವರಲ್ಲಿ ಸುಮಾರು 67 ಶೇಕಡಾ ಜನರಿಗೆ ಮಾರ್ಪಾಡು ಇರುತ್ತದೆ. 22 ಮಂದಿಗಷ್ಟೇ ಇರುವ ಕಡೆ ಸುಮಾರು 36 ಶೇಕಡಾ ಜನರಿಗೆ ಮಾತ್ರ. ಚಿತ್ರ ಅದೇ, ಓದುವವರ ಕೌಶಲವೂ ಅದೇ. ಎರಡನೆಯ ಕಡೆ ಊಹೆ ಮಾತ್ರ ಅರ್ಧಕ್ಕಿಂತ ಹೆಚ್ಚು ಸಲ ತಪ್ಪುತ್ತದೆ. ಪೂರ್ವ ಏಷ್ಯಾದ ಚಿತ್ರಗಳ ಮೇಲೆ ತರಬೇತಾದ ಗಣಕ ಮಾದರಿಗಳಿಗೂ ಇದೇ ಮಿತಿ.

ತೊಣ್ಣೂರಿನಿಂದ ಕಿದ್ವಾಯಿವರೆಗೆ

ಮಸುಕು ಗಂಟಿಗೆ ಸಾಮಾನ್ಯವಾಗಿ ಕೆಮ್ಮಿಲ್ಲ, ನೋವಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಅದು ಕಾಣುವುದೂ ಕಷ್ಟ. ಜಪಾನ್, ಕೊರಿಯಾಗಳಲ್ಲಿ ಆರೋಗ್ಯ ತಪಾಸಣೆಯ ಸಿ.ಟಿ.ಯಲ್ಲಿ ಇವು ಸಿಗುತ್ತವೆ. ಭಾರತದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ರಾಷ್ಟ್ರೀಯ ತಪಾಸಣೆ ಉಂಟು, ಶ್ವಾಸಕೋಶಕ್ಕಿಲ್ಲ. ತೊಣ್ಣೂರಿನವರೊಬ್ಬರು ಬಿಡದ ಕೆಮ್ಮಿಗೆ ಪಾಂಡವಪುರದ ತಾಲ್ಲೂಕು ಆಸ್ಪತ್ರೆಗೆ ಹೋದರೆ ಮೊದಲು ಕಫ ಪರೀಕ್ಷೆಯಾಗುತ್ತದೆ. ಕ್ಷಯ ವ್ಯಾಪಕವಾಗಿರುವ ನಾಡಿನಲ್ಲಿ ಅದು ಸರಿಯೇ. ಆದರೆ ಮಾಯ್ದ ಕ್ಷಯದ ಗಂಟು, ಕಲೆಗಳು ಘನ ಕ್ಯಾನ್ಸರ್ ಗಂಟನ್ನು ಹೋಲುತ್ತವೆ. ಆದ್ದರಿಂದ ಇಲ್ಲಿ ಚಿತ್ರ ಮೊದಲು ಉತ್ತರಿಸಬೇಕಾದದ್ದು ‘ಯಾವ ಜೀನು’ ಎಂಬುದಕ್ಕಲ್ಲ, ‘ಕ್ಯಾನ್ಸರೇ ಹೌದೆ’ ಎಂಬುದಕ್ಕೆ.

ಇದರಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಸಿ.ಟಿ. ವರದಿಯಲ್ಲಿ ಗಂಟಿನ ಒಟ್ಟು ಅಳತೆ, ಘನಭಾಗದ ಅಳತೆ ಎರಡೂ ಬೇರೆಬೇರೆಯಾಗಿ ಇರಬೇಕು. ಕ್ಯಾನ್ಸರಿನ ಹಂತ ಗುರುತಿಸುವ ಟಿಎನ್‌ಎಂ ವರ್ಗೀಕರಣ ತನ್ನ ಎಂಟನೆಯ ಆವೃತ್ತಿಯಿಂದ ಇಂಥ ಗಂಟಿನ ಗಾತ್ರ ಎಣಿಸುವುದು ಘನಭಾಗದಿಂದ. ಎರಡನೆಯದಾಗಿ, ಬಯಾಪ್ಸಿಯ ತುಣುಕನ್ನು ರೋಗನಿರ್ಣಯಕ್ಕೇ ಮುಗಿಸದೆ ಜೀನ್ ಪರೀಕ್ಷೆಗೂ ಉಳಿಸಬೇಕು. ಆರಂಭಿಕ ಗೆಡ್ಡೆ ರಕ್ತಕ್ಕೆ ಬಿಡುವ ಡಿಎನ್‌ಎ ತೀರ ಅಲ್ಪವಾದ್ದರಿಂದ ರಕ್ತಪರೀಕ್ಷೆ ಇದಕ್ಕೆ ಬದಲಿಯಾಗದು. ಮೂರನೆಯದಾಗಿ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗಳಲ್ಲಿ ಸೇರುವ ಚಿತ್ರ, ಜೀನ್ ಫಲಿತಾಂಶ, ಕ್ಷಯದ ಪೂರ್ವೇತಿಹಾಸ ಮೂರನ್ನೂ ಒಂದೇ ದಾಖಲೆಯಲ್ಲಿ ಜೋಡಿಸಬೇಕು. ಹಾಗೆ ಸಿಗುವ ಸ್ಥಳೀಯ ಪ್ರಮಾಣಗಳಿಂದ ಮಾತ್ರ ಚಿತ್ರದ ಸುಳಿವಿಗೆ ಇಲ್ಲಿ ಎಷ್ಟು ಬೆಲೆ ಕೊಡಬಹುದೆಂದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಸುಳಿವು ಯಾರಿಗೆ ಬಯಾಪ್ಸಿ ಬೇಗ ಆಗಬೇಕೆಂದು ಹೇಳಬಲ್ಲದು. ಯಾವ ಗುಳಿಗೆ ಕೊಡಬೇಕೆಂದು ಹೇಳಲಾರದು.