ಹೊಗೆಕೊಳವೆಯೊಳಗಿನ ಪ್ಲಾಟಿನಮ್ ತಂತಿ

ಐಟಿಒ ಕಡೆಯಿಂದ ಯಮುನೆ ದಾಟಿದರೆ ವಿಕಾಸ್ ಮಾರ್ಗ. ಅದರ ಪಕ್ಕದಲ್ಲೇ ಲಕ್ಷ್ಮೀ ನಗರ. ಹೆಸರು ಕೇಳಿದರೆ ಮೈಸೂರಿನದೋ ತುಮಕೂರಿನದೋ ಬಡಾವಣೆ ಅನ್ನಿಸುತ್ತದೆ. ಸಿಎ ಕೋಚಿಂಗ್‌ಗೆ ಬಂದ ಹುಡುಗ ಹುಡುಗಿಯರು, ತಲೆಯ ಮೇಲೆ ಮೆಟ್ರೊ, ಕೆಳಗೆ ಆಮೆವೇಗದ ವಾಹನಗಳ ಸಾಲು. ಆ ಸಾಲಿನಲ್ಲಿ ನಿಂತ ಹೊಸ ಡೀಸೆಲ್ ಕಾರುಗಳಲ್ಲಿ ಇಂಜಿನ್ ಲೈಟ್ ಹೊತ್ತಿಕೊಳ್ಳುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಹೊಗೆಯ ಉಷ್ಣತೆ ಅಳೆಯುವ ಬೆರಳುದ್ದದ ಸೆನ್ಸರ್. ಈ ಪುಟ್ಟ ಸಾಮಾನು ದೆಹಲಿಯ ಕಾರುಗಳೊಳಗೆ ಹೇಗೆ ಬಂತು ಎಂದು ಹುಡುಕಿ ಹೊರಟರೆ ನ್ಯಾಯಾಲಯದ ಕಡತಗಳಿಂದ ಹಿಡಿದು ಹತ್ತೊಂಬತ್ತನೇ ಶತಮಾನದ ಕುಲುಮೆಯವರೆಗೂ ಹೋಗಬೇಕಾಗುತ್ತದೆ.

ದೆಹಲಿಯ ಗಾಳಿಯ ಬಗ್ಗೆ ವಕೀಲ ಎಂ. ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು 1985ರಲ್ಲಿ. ಕಾಕತಾಳೀಯವೆಂದರೆ ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರ್ಸಿಡಿಸ್ ತನ್ನ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಕೂಡಿಸಿ ಮಾರಿತು. ಆ ಪ್ರಯೋಗ ಬೇಗನೆ ಕೈಕೊಟ್ಟಿತು. 2000ರಲ್ಲಿ ಪ್ಯೂಜೊ 607 ಬಂದ ಮೇಲೆಯೇ ಫಿಲ್ಟರ್ ಕಾರಿನಲ್ಲಿ ನೆಲೆಯೂರಿದ್ದು. ದೆಹಲಿ ಹಿಡಿದ ದಾರಿ ಬೇರೆ. 1998ರ ಜುಲೈ 28ರ ಆದೇಶದಂತೆ ನಗರದ ಬಸ್ಸುಗಳನ್ನೆಲ್ಲ ಸಿಎನ್‌ಜಿಗೆ ಬದಲಿಸಬೇಕಾಯಿತು. ಆ ಕೆಲಸ ಮುಗಿದದ್ದು 2002ರ ಕೊನೆಗೆ. ಬಸ್ಸಿನ ಹೊಗೆ ಕಡಿಮೆಯಾಯಿತು, ಆದರೆ ಅಗ್ಗದ ಡೀಸೆಲ್ ನಂಬಿ ಖಾಸಗಿ ಕಾರುಗಳು ಹೆಚ್ಚಿದವು.

ಫಿಲ್ಟರ್ ತಡವಾಗಿ ಬಂದದ್ದಕ್ಕೆ ಎಣ್ಣೆಯೂ ಒಂದು ಕಾರಣ. ಗಂಧಕ ಹೆಚ್ಚಿರುವ ಡೀಸೆಲ್ ಫಿಲ್ಟರಿನ ಮುಂದಿನ ವೇಗವರ್ಧಕವನ್ನೇ ಕೆಡಿಸುತ್ತದೆ. ಬಿಎಸ್-3 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 350 ಭಾಗ. 2010ರ ಏಪ್ರಿಲ್‌ನಲ್ಲಿ ದೆಹಲಿಗೆ ಬಂದ ಬಿಎಸ್-4ರಲ್ಲಿ ಅದು 50. 2018ರ ಏಪ್ರಿಲ್ 1ರಂದು ದೆಹಲಿಯ ಬಂಕುಗಳಿಗೆ ದೇಶದಲ್ಲೇ ಮೊದಲು ಬಿಎಸ್-6 ಎಣ್ಣೆ ಬಂತು, ಗಂಧಕ ಬರೀ 10. ಎರಡು ವರ್ಷದ ಬಳಿಕ, 2020ರ ಏಪ್ರಿಲ್ 1ರಿಂದ, ಹೊಸ ವಾಹನಗಳೂ ಬಿಎಸ್-6 ಆಗಲೇಬೇಕಾಯಿತು. ಡೀಸೆಲ್ ಫಿಲ್ಟರ್, ಅದರ ಹಿಂದುಮುಂದಿನ ಉಷ್ಣತೆ ಸೆನ್ಸರುಗಳು ಬೀದಿಯ ಗ್ಯಾರೇಜಿನವರೆಗೂ ಬಂದದ್ದು ಆಗ.

ಈ ಮಧ್ಯೆ ಕರ್ನಾಟಕಕ್ಕೂ ಒಂದು ಏಟು ಬಿದ್ದಿತ್ತು. 2015ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಬಿಡದಿಯಲ್ಲಿ ಆಗ ತಯಾರಾಗುತ್ತಿದ್ದ ಇನ್ನೋವಾದ ಇಂಜಿನ್ 2494 ಸಿಸಿಯದು. ರಾಜಧಾನಿಯ ಬಾಗಿಲು ಮತ್ತೆ ತೆರೆದದ್ದು 2016ರ ಆಗಸ್ಟ್‌ನಲ್ಲಿ, ಶೇಕಡ 1ರ ಪರಿಸರ ಶುಲ್ಕದೊಂದಿಗೆ. ಇಂಜಿನ್ನಿನ ಗಾತ್ರ ನೋಡಿ ಹೊಗೆಯ ತೀರ್ಪು ಕೊಟ್ಟದ್ದು ಒರಟು ಅಳತೆ. ಕೊಳವೆಯೊಳಗೆ ಏನಾಗುತ್ತಿದೆ ಎಂದು ನೋಡುವ ಸೆನ್ಸರು ಅದಕ್ಕಿಂತ ನ್ಯಾಯವಾದದ್ದು, ಅದು ನಿಜ ಹೇಳುವವರೆಗೆ.

ಅದು ಮಾಡುವ ಕೆಲಸ ಇಷ್ಟು. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಸುಟ್ಟು ಖಾಲಿ ಮಾಡಲು ಸುಮಾರು 550ರಿಂದ 650 ಡಿಗ್ರಿ ಸೆಲ್ಸಿಯಸ್ ಬೇಕು. ಇಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಆ ಶಾಖ ಹುಟ್ಟಿಸುತ್ತದೆ, ಸೆನ್ಸರ್ ನೋಡಿ ಹದ ಕಾಯುತ್ತದೆ. ಸೆನ್ಸರ್ ನಂಬಲಾಗದಿದ್ದರೆ ಸುಡುವುದನ್ನೇ ನಿಲ್ಲಿಸುತ್ತದೆ. ವಿಕಾಸ್ ಮಾರ್ಗದ ಆಮೆನಡಿಗೆಯಲ್ಲಿ ಹೊಗೆ ಹೇಗೂ ಕಾಯುವುದಿಲ್ಲ. ಹೀಗೆ ಮಸಿ ತುಂಬುತ್ತಾ ಹೋಗಿ, ಕೊನೆಗೆ ಗಾಡಿ ಲಿಂಪ್ ಮೋಡಿಗೆ ಬಿದ್ದು ತೆವಳುತ್ತದೆ. ಸೆನ್ಸರಿನ ಕೆಲವು ಸಾವಿರದ ಲೆಕ್ಕ ಫಿಲ್ಟರಿನ ಲಕ್ಷದ ಹತ್ತಿರ ಹೋಗುವುದು ಹೀಗೆ. ಖರ್ಚಿಗೆ ಹೆದರಿ ಫಿಲ್ಟರನ್ನೇ ಕಿತ್ತೆಸೆಯುವವರೂ ಇದ್ದಾರೆ. ಆಗ ಮಸಿ ನೇರವಾಗಿ ಫುಟ್‌ಪಾತಿನಲ್ಲಿ ನಡೆಯುವ ಕೋಚಿಂಗ್ ಹುಡುಗರ ಶ್ವಾಸಕೋಶಕ್ಕೆ.

ಈ ಸೆನ್ಸರುಗಳಲ್ಲಿ ಒಂದು ಬಗೆಯದರ ಒಳಗಿರುವುದು ಪ್ಲಾಟಿನಮ್. ಕಾದಷ್ಟೂ ಅದರ ವಿದ್ಯುತ್ ತಡೆ ಏರುತ್ತದೆ. 1871ರಲ್ಲಿ ವಿಲಿಯಂ ಸೀಮೆನ್ಸ್ ಇದನ್ನೇ ಹಿಡಿದು ಕುಲುಮೆಯ ಶಾಖ ಅಳೆಯಲು ಹೊರಟ. ಜೇಡಿಮಣ್ಣಿನ ಉರುಳೆಗೆ ತಂತಿ ಸುತ್ತಿ ಕಬ್ಬಿಣದ ಕೊಳವೆಯಲ್ಲಿಟ್ಟ. ಸ್ವಲ್ಪ ದಿನ ಬಳಸುತ್ತಲೇ ಓದು ತಪ್ಪಾಗತೊಡಗಿತು, ಪ್ಲಾಟಿನಮ್ ಮೇಲಿನ ನಂಬಿಕೆಯೇ ಹೋಯಿತು. 1887ರ ಹೊತ್ತಿಗೆ ಕೇಂಬ್ರಿಜ್‌ನ ಹ್ಯೂ ಕ್ಯಾಲೆಂಡರ್ ತೋರಿಸಿದ್ದೆಂದರೆ, ಶುದ್ಧ ತಂತಿಯನ್ನು ಕೊಳೆ ತಾಗದಂತೆ ಕಾಪಾಡಿದರೆ ಅದು ಕೆಡುವುದಿಲ್ಲ. ತಪ್ಪು ಲೋಹದ್ದಲ್ಲ, ಅದನ್ನು ಸುತ್ತುವರಿದದ್ದರದು. ಹದಿನಾರು ವರ್ಷ ಪ್ಲಾಟಿನಮ್ ಸುಮ್ಮನೆ ಬೈಸಿಕೊಂಡಿತ್ತು.

ಇಂದಿನ ಗ್ಯಾರೇಜುಗಳಲ್ಲೂ ಅದು ಬೈಸಿಕೊಳ್ಳುತ್ತಲೇ ಇದೆ. ಸ್ಕ್ಯಾನರಿನಲ್ಲಿ ಪಿ0544 ಅಥವಾ ಪಿ0546 ಎಂದು ಕಂಡ ಕೂಡಲೇ ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗೆ ಹುಡುಗನನ್ನು ಓಡಿಸುವ ಮೆಕ್ಯಾನಿಕ್‌ಗಳುಂಟು. ಆದರೆ ಕೋಡು ಹೇಳುವುದು ಮೊದಲನೇ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ಸರ್ಕ್ಯೂಟೆಂದರೆ ತಂತಿ, ಕನೆಕ್ಟರ್, ಕಂಪ್ಯೂಟರ್ ಎಲ್ಲವೂ. ಇಲಿ ಕಡಿದ ವೈರು, ಸೈಲೆನ್ಸರಿಗೆ ತಾಗಿ ಸುಟ್ಟ ಹೊದಿಕೆ, ಮಳೆನೀರಿಗೆ ಹಸಿರುಗಟ್ಟಿದ ಪಿನ್ನು, ಯಾವುದಾದರೂ ಆಗಬಹುದು.

ಖರ್ಚಿಲ್ಲದ ಪರೀಕ್ಷೆಯೊಂದಿದೆ, ಅದಕ್ಕೆ ಬೇಕಾದದ್ದು ತಾಳ್ಮೆ ಮಾತ್ರ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ ಸ್ಕ್ಯಾನರಿನಲ್ಲಿ ನೋಡಬೇಕು. ಹೊಗೆಯ ಎಲ್ಲ ಸೆನ್ಸರುಗಳೂ, ಕೂಲೆಂಟ್ ಮತ್ತು ಒಳಗಾಳಿಯ ಸೆನ್ಸರುಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬೇಕು. ದೆಹಲಿಯ ಜನವರಿಯಲ್ಲಿ ಎಂಟೊಂಬತ್ತು, ಮೇ ತಿಂಗಳಲ್ಲಿ ಮೂವತ್ತರ ಮೇಲೆ. ಒಂದು ಮಾತ್ರ ಸಾವಿರದ ಹತ್ತಿರವಿದ್ದರೆ, ಪ್ಲಾಟಿನಮ್ ಬಗೆಯದಾದಲ್ಲಿ ತಂತಿ ಎಲ್ಲೋ ಕಡಿದಿದೆ. ಕಡಿದ ತಂತಿಯ ತಡೆ ಅನಂತ, ಅದನ್ನು ಕಂಪ್ಯೂಟರ್ ವಿಪರೀತ ಬಿಸಿ ಎಂದು ಓದುತ್ತದೆ. ಥರ್ಮಿಸ್ಟರ್ ಬಗೆಯದರಲ್ಲಿ ಇದು ಪೂರ್ತಿ ಉಲ್ಟಾ: ಕಾದಂತೆ ತಡೆ ಇಳಿಯುವುದರಿಂದ ಕಡಿದರೆ ಕಡುತಂಪು ತೋರಿಸುತ್ತದೆ. ಗಾಡಿಯಲ್ಲಿರುವುದು ಯಾವ ಬಗೆ ಎಂದು ಕೈಪಿಡಿ ನೋಡದೆ ತೀರ್ಮಾನಕ್ಕೆ ಬಂದವರು ಎಡವುವುದು ಇಲ್ಲಿ.

ಆಮೇಲೆ ಮಲ್ಟಿಮೀಟರ್. ಬಹುಬಳಕೆಯ ಪ್ಲಾಟಿನಮ್ ಸೆನ್ಸರಿನ ತಡೆ ಸೊನ್ನೆ ಡಿಗ್ರಿಯಲ್ಲಿ 200 ಓಮ್, ಜನವರಿಯ ಬೆಳಿಗ್ಗೆ ಸುಮಾರು 206, 600 ಡಿಗ್ರಿಯಲ್ಲಿ 617ರ ಆಸುಪಾಸು. ಕನೆಕ್ಟರ್ ಬಿಚ್ಚಿ ಸೆನ್ಸರಿನ ಕಡೆ ಅಳೆದಾಗ ಸರಿಯಿದ್ದು, ಜೋಡಿಸಿದಾಗ ಸ್ಕ್ಯಾನರ್ ತಪ್ಪು ತೋರಿಸಿದರೆ ದೋಷ ಈಚೆಗಿದೆ. ಅತಿ ಕಪಟಿ ಎಂದರೆ ಅರ್ಧ ತುಕ್ಕು ಹಿಡಿದ ಪಿನ್ನು. ಅದು 30 ಓಮ್ ಸೇರಿಸಿದರೂ ಸಾಕು, 550 ಡಿಗ್ರಿಯ ಹೊಗೆ 600ರ ಸಮೀಪ ಕಾಣಿಸುತ್ತದೆ. ಹದ ಬಂತೆಂದು ಕಂಪ್ಯೂಟರ್ ಶಾಖ ಇಳಿಸುತ್ತದೆ, ಮಸಿ ಅರೆಬೆಂದು ಉಳಿಯುತ್ತದೆ, ಕೋಡು ಬರುವುದೇ ಇಲ್ಲ. ಒಮ್ಮೊಮ್ಮೆ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ: ಇಂಜೆಕ್ಟರ್ ಸೋರಿ ಹೊಗೆ ನಿಜವಾಗಿಯೂ ಮಿತಿಮೀರಿ ಕಾದಿರುತ್ತದೆ. ಆಗ ಸೆನ್ಸರ್ ಬದಲಿಸುವುದು ಜ್ವರ ಬಂದವನಿಗೆ ಹೊಸ ಥರ್ಮಾಮೀಟರ್ ಕೊಡಿಸಿದ ಹಾಗೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ದೆಹಲಿಯಲ್ಲಿ ಈಗ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು 2015ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ವಯಸ್ಸೊಂದೇ ಅಳತೆಯಾದಾಗ ಒಂಬತ್ತನೇ ವರ್ಷದ ಗಾಡಿಗೆ ದುಡ್ಡು ಹಾಕುವವರು ಯಾರು? 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ಹಳೆಯ ವಾಹನಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದವುಗಳಿಗೆ ಮಾತ್ರ ಉಳಿಸಿತು. ಹಾಗಾಗಿ ಫಿಲ್ಟರಿರುವ ಗಾಡಿ ರಿಪೇರಿಗೆ ಮತ್ತೆ ಬೆಲೆ ಬಂದಿದೆ.

ರಿಪೇರಿ ಸರಿಯಾಗಿದೆಯೋ ಎಂದು ತಿಳಿಯುವುದು ರಸ್ತೆಯಲ್ಲಿ. ಲಕ್ಷ್ಮೀ ನಗರದವರಿಗೆ ಅಕ್ಷರಧಾಮದ ಹತ್ತಿರ ಮೀರತ್ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. ಸ್ಕ್ಯಾನರ್ ಜೋಡಿಸಿ, ಅದನ್ನು ನೋಡಲು ಪಕ್ಕದಲ್ಲೊಬ್ಬರನ್ನು ಕೂರಿಸಿ, ರಾತ್ರಿ ದಟ್ಟಣೆ ಇಳಿದ ಮೇಲೆ ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದರೆ ಫಿಲ್ಟರಿನ ಮುಂದಿನ ಉಷ್ಣತೆ ಮೊದಲು ಏರಬೇಕು, ಹಿಂದಿನದು ತುಸು ತಡವಾಗಿ ಹಿಂಬಾಲಿಸಬೇಕು, ಮಸಿಯ ಲೆಕ್ಕ ಇಳಿಯಬೇಕು. ಕಾದ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುನ್ನ, ಸಂಖ್ಯೆಗಳೆಲ್ಲ ಒಂದೇ ಇವೆಯೇ ಎಂದು ಇನ್ನೊಮ್ಮೆ ನೋಡಬೇಕು.